ಸಾಫ್ಟ್‌ವೇರ್ ಮೊದಲಿಂದ ಕೊನೆವರೆಗೆ ಹೇಗೆ ಕಟ್ಟುತ್ತಾರೆ? ಮಂಗಳೂರು, ಉಡುಪಿಯಲ್ಲಿ ಕೆಲಸ ಮಾಡುವವರು ಸ್ವಲ್ಪ ಹೇಳಿ

ಹೊಸಬ, ಸಂತೆಕಟ್ಟೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿ ಇದ್ದೇನೆ. ನಾಲ್ವರು ಸೇರಿ ನಮ್ಮ ಹಾಸ್ಟೆಲ್ ಮೆಸ್‌ಗೆ ಒಂದು ಆ್ಯಪ್ ಮಾಡುತ್ತಿದ್ದೇವೆ. ತಿಂಡಿ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಮೊದಲೇ ತಿಳಿಸುವ ಆ್ಯಪ್. ಬೆಳಿಗ್ಗೆ 7 ಗಂಟೆವರೆಗೆ ಬುಕ್ ಮಾಡಬಹುದು. ಇಡ್ಲಿ, ದೋಸೆ ಉಳಿದು ಎಸೆಯುವುದು ಕಡಿಮೆಯಾಗಲಿ ಎಂಬುದು ನಮ್ಮ ಆಸೆ. ಕೋಡ್ ಮುಕ್ಕಾಲು ಪಾಲು ಆಗಿದೆ.

ಮುಂದಿನ ತಿಂಗಳು ಸಂದರ್ಶನಗಳು ಶುರು. ಹಂತಗಳೆಲ್ಲ ನನಗೆ ಬಾಯಿಪಾಠ ಉಂಟು. ಅಗತ್ಯ ತಿಳಿಯುವುದು, ವಿನ್ಯಾಸ, ಕೋಡ್, ಟೆಸ್ಟಿಂಗ್, ಬಿಡುಗಡೆ, ನಿರ್ವಹಣೆ. ಆದರೆ ನಿಜವಾಗಿ ಒಂದು ತಂಡ ಸೋಮವಾರ ಬೆಳಿಗ್ಗೆ ಬಂದು ಕೂತು ಎಂತ ಮಾಡುತ್ತದೆ ಎಂದು ಗೊತ್ತಿಲ್ಲ. ಯಾರು ಯಾರಿಗೆ ಏನು ಕೊಡುತ್ತಾರೆ? ಯಾವಾಗ ಮುಗಿಯಿತು ಅನ್ನುತ್ತಾರೆ? ಕೆಲಸ ಮಾಡಿದವರು ತಮ್ಮ ಅನುಭವ ಹೇಳಿದರೆ ದೊಡ್ಡ ಉಪಕಾರ.

ಧಕ್ಕೆ ಬದಿಯ ಡೆವಲಪರ್, ಮಂಗಳೂರು

ಹೊಸಬರೇ, ಹಂತಗಳ ಹೆಸರು ಸ್ವಲ್ಪ ಬದಿಗಿಡಿ. ನಾನು ಕೆಲಸ ಮಾಡಿದ ಒಂದು ಪ್ರಾಜೆಕ್ಟನ್ನೇ ಪೂರ್ತಿ ಹೇಳುತ್ತೇನೆ. ಉದ್ದ ಆಗಬಹುದು, ಪುರುಸೊತ್ತಿನಲ್ಲಿ ಓದಿ.

ಒಂದು ಸಹಕಾರಿ ಸಂಘಕ್ಕೆ ಪಿಗ್ಮಿ ಸಂಗ್ರಹದ ಆ್ಯಪ್ ಮಾಡಿದೆವು. ಪಿಗ್ಮಿ ಎಂದರೆ ದಿನಾ ಸ್ವಲ್ಪ ಸ್ವಲ್ಪ ಕಟ್ಟುವ ಉಳಿತಾಯ, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಇದನ್ನು ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದರು. ಇವತ್ತಿಗೂ ನಮ್ಮ ಪೇಟೆಗಳಲ್ಲಿ ಸಂಘಗಳ ಏಜೆಂಟರು ಅಂಗಡಿಯಿಂದ ಅಂಗಡಿಗೆ ಹೀಗೇ ನಡೆಯುತ್ತಾರೆ. ಅವರ ಕೈಯಲ್ಲಿದ್ದ ಹಳೆ ಮೆಷಿನ್ ಬದಲು ಫೋನ್, ಸೊಂಟದಲ್ಲಿ ಒಂದು ಸಣ್ಣ ಪ್ರಿಂಟರ್. ಕೆಲಸ ಇಷ್ಟೇ.

ನಾವು ಐದು ಜನ. ಸಂಘದವರು ಎರಡು ಪುಟದ ಪಟ್ಟಿ ಕೊಟ್ಟರು. ಅದರಲ್ಲಿ ಮೊದಲ ಸಾಲು ಹೀಗಿತ್ತು: "ಹಣ ತೆಗೆದುಕೊಂಡ ಕೂಡಲೇ ಶಾಖೆಯ ಕಂಪ್ಯೂಟರಿನಲ್ಲಿ ಕಾಣಬೇಕು." ಅದನ್ನೇ ಹಿಡಿದುಕೊಂಡು ಕೋಡ್ ಶುರು ಮಾಡಬಹುದಿತ್ತು. ನಮ್ಮ ತಂಡದ ಹಿರಿಯರು ಬಿಡಲಿಲ್ಲ. ಎರಡು ದಿನ ಏಜೆಂಟರ ಹಿಂದೆ ನಡೆದು ಬನ್ನಿ ಅಂದರು.

ನಡೆದಾಗ ಗೊತ್ತಾದದ್ದು ಆ ಪಟ್ಟಿಯಲ್ಲಿ ಇರಲೇ ಇಲ್ಲ. ಏಜೆಂಟರಿಗೆ ಖಾತೆ ನಂಬರ್ ನೆನಪಿಲ್ಲ. ಅವರಿಗೆ ನೆನಪಿರುವುದು ದಾರಿ. ಚಪ್ಪಲಿ ಅಂಗಡಿ ಆದ ಮೇಲೆ ಜೆರಾಕ್ಸ್ ಅಂಗಡಿ, ಆಮೇಲೆ ಮಹಡಿ ಮೇಲಿನ ಟೈಲರ್. ನಾವು ಹೆಸರುಗಳನ್ನು ಅಕಾರಾದಿಯಲ್ಲಿ ತೋರಿಸುವ ಯೋಚನೆ ಮಾಡಿದ್ದೆವು. ಹಾಗೆ ಮಾಡಿದ್ದರೆ ಪ್ರತಿ ಅಂಗಡಿಯಲ್ಲೂ ಅವರು ಹುಡುಕುತ್ತಾ ನಿಲ್ಲಬೇಕಿತ್ತು. ಇನ್ನೊಂದು, ಒಬ್ಬ ಅಂಗಡಿಯವರು ಒಮ್ಮೆಗೇ ಮೂರು ಖಾತೆಗೆ ಹಣ ಕೊಡುತ್ತಾರೆ. ತನ್ನದು, ಹೆಂಡತಿಯದು, ಮಗಳದು. ಕೆಲವರು "ಇವತ್ತು ವ್ಯಾಪಾರ ಇಲ್ಲ, ನಾಳೆ ಒಟ್ಟಿಗೆ ಕೊಡ್ತೇನೆ" ಅನ್ನುತ್ತಾರೆ. ನೆಲಮಹಡಿಯ ಅಂಗಡಿಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಮೀನು ಮಾರ್ಕೆಟಿನಲ್ಲಿ ಒದ್ದೆ ಕೈ, ಸ್ಕ್ರೀನ್ ಮುಟ್ಟಿದರೆ ತಗೊಳ್ಳುವುದಿಲ್ಲ. ಮಳೆಗಾಲದಲ್ಲಿ ರಸೀದಿ ಕಾಗದ ಮೆತ್ತಗಾಗಿ ಪ್ರಿಂಟರಿಗೆ ಅಂಟಿಕೊಳ್ಳುತ್ತದೆ.

ಇದನ್ನೆಲ್ಲ ನಾನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆ ನೋಟ್‌ಬುಕ್ಕಿನ ಮಾತು ಆಮೇಲೆ ಬರುತ್ತದೆ.

ವಾಪಸ್ ಬಂದು ವಿನ್ಯಾಸಕ್ಕೆ ಕೂತೆವು. "ಕೂಡಲೇ ಕಾಣಬೇಕು" ಎಂಬ ಸಾಲು ಬಿದ್ದುಹೋಯಿತು. ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲೇ ಲೆಕ್ಕ ಉಳಿಯಬೇಕು, ನೆಟ್‌ವರ್ಕ್ ಬಂದಾಗ ಸರ್ವರ್‌ಗೆ, ಅಂದರೆ ಎಲ್ಲರ ಲೆಕ್ಕ ಸೇರುವ ಮುಖ್ಯ ಕಂಪ್ಯೂಟರಿಗೆ, ಹೋಗಬೇಕು ಎಂದಾಯಿತು. ಇದು ಕೇಳಲಿಕ್ಕೆ ಸುಲಭ. ಆದರೆ ಹೀಗೆ ಯೋಚಿಸಿ. ಫೋನ್ 100 ರೂಪಾಯಿಯ ಲೆಕ್ಕ ಕಳಿಸಿತು. ಸರ್ವರ್ ಬರೆದುಕೊಂಡಿತು. "ಸಿಕ್ಕಿತು" ಎಂಬ ಉತ್ತರ ಬರುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಫೋನಿಗೆ ತಲುಪಲಿಲ್ಲ ಎಂದೇ ಲೆಕ್ಕ. ಅದು ಮತ್ತೆ ಕಳಿಸುತ್ತದೆ. ಈಗ ಖಾತೆಯಲ್ಲಿ 200. ಅದಕ್ಕೇ ಪ್ರತಿ ರಸೀದಿಗೂ ಫೋನಿನಲ್ಲೇ ಒಂದು ಬೇರೆಯೇ ಗುರುತಿನ ಸಂಖ್ಯೆ ಕೊಟ್ಟೆವು. ಅದೇ ಸಂಖ್ಯೆ ಎರಡನೇ ಸಲ ಬಂದರೆ ಸರ್ವರ್ ಹೊಸದಾಗಿ ಬರೆಯುವುದಿಲ್ಲ, "ಆಗಲೇ ಸಿಕ್ಕಿದೆ" ಎಂದು ಹೇಳುತ್ತದೆ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ತೀರ್ಮಾನ ಇದು. ಬಿಳಿ ಬೋರ್ಡ್ ಮುಂದೆ ಅರ್ಧ ದಿನ ನಿಂತು ಮಾಡಿದ್ದು.

ಕೋಡ್ ಬರೆಯುವ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವಾರದ ಸ್ಪ್ರಿಂಟ್, ಅಂದರೆ ಎರಡು ವಾರಕ್ಕೆ ಇಷ್ಟು ಕೆಲಸ ಎಂದು ಹಾಕಿಕೊಳ್ಳುವ ಸುತ್ತು. ಬೆಳಿಗ್ಗೆ ಹದಿನೈದು ನಿಮಿಷ ನಿಂತು ಮಾತು. ಪ್ರತಿಯೊಬ್ಬರೂ ಗಿಟ್‌ನಲ್ಲಿ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಧನ) ತಮ್ಮದೇ ಕವಲಿನಲ್ಲಿ, ಅಂದರೆ ಬೇರೆ ಪ್ರತಿಯಲ್ಲಿ, ಬರೆಯುತ್ತಾರೆ. ಇನ್ನೊಬ್ಬರು ಓದಿ ಒಪ್ಪಿದ ಮೇಲೆ ಮುಖ್ಯ ಕೋಡಿಗೆ ಸೇರುತ್ತದೆ. ಸೇರಿದ ಕೂಡಲೇ ಟೆಸ್ಟುಗಳು ತಾವಾಗಿ ಓಡುತ್ತವೆ. ಬದಲಾವಣೆ ಸಣ್ಣದಿದ್ದರೆ ಓದುವವರು ನಿಜವಾಗಿ ಓದುತ್ತಾರೆ. ಸಾವಿರ ಸಾಲು ಒಟ್ಟಿಗೆ ಕೊಟ್ಟರೆ ಸುಮ್ನೆ ಮೇಲಿಂದ ನೋಡಿ ಒಪ್ಪುತ್ತಾರೆ. ಇದನ್ನು ನಾನೇ ಮಾಡಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ಉಳಿದದ್ದು ರಾತ್ರಿ ಬರೆಯುತ್ತೇನೆ. ಮುಖ್ಯ ವಿಷಯ ಇನ್ನೂ ಬಂದಿಲ್ಲ.

ಏಜೆಂಟರ ಮಗಳು, ಕಾರ್ಕಳ

ಅಣ್ಣ, ಓದಿ ಕಣ್ಣು ತುಂಬಿತು. ನನ್ನ ಅಪ್ಪ 27 ವರ್ಷ ಪಿಗ್ಮಿ ಏಜೆಂಟ್. ಅವರ ಫೋನಿಗೂ ಒಂದು ಆ್ಯಪ್ ಬಂತು. ಅದನ್ನು ಮಾಡಿದವರು ಅಪ್ಪನ ಜೊತೆ ಒಂದು ದಿನವೂ ನಡೆದಿರಲಿಲ್ಲ. ಅಕ್ಷರ ಸಣ್ಣದು. ಅಪ್ಪ ಪ್ರತಿ ಅಂಗಡಿಯಲ್ಲೂ ಕನ್ನಡಕ ತೆಗೆದು ಹಾಕಿ ಮಾಡಬೇಕಿತ್ತು. ಹಣ ಒತ್ತಿದ ಮೇಲೆ ತಪ್ಪಾಯಿತೆಂದು ತಿದ್ದಲು ದಾರಿಯೇ ಇರಲಿಲ್ಲ. ಶಾಖೆಗೆ ಹೋಗಿ ಅರ್ಜಿ ಬರೆದು ಕೊಡಬೇಕಿತ್ತು. ಅಪ್ಪನಿಗೆ ಅದು ಸೋತ ಹಾಗೆ ಅನ್ನಿಸುತ್ತಿತ್ತು. ಇಷ್ಟು ವರ್ಷ ಒಂದು ರೂಪಾಯಿ ತಪ್ಪಿಸದ ಮನುಷ್ಯ, ಹೊಸ ಹುಡುಗರ ಮುಂದೆ ಕೈ ಕಟ್ಟಿ ನಿಲ್ಲುತ್ತಿದ್ದರು.

ಹೊಸಬರೇ, ಹಂತ ಯಾವುದಾದರೂ ಇರಲಿ. ನಿಮ್ಮ ಆ್ಯಪ್ ಯಾರ ಕೈಗೆ ಹೋಗುತ್ತದೋ ಅವರ ಪಕ್ಕ ಒಮ್ಮೆ ಕೂತುಕೊಳ್ಳಿ.

ಕದ್ರಿಯ ಟೆಸ್ಟರ್

ಡೆವಲಪರ್ ಅಣ್ಣ ರಾತ್ರಿ ಬರೆಯುವ ತನಕ ನನ್ನ ಪಾಲಿನದ್ದು ಹೇಳುತ್ತೇನೆ. ಹನ್ನೊಂದು ವರ್ಷದಿಂದ ಟೆಸ್ಟಿಂಗ್ ಮಾಡುತ್ತಿದ್ದೇನೆ.

ಟೆಸ್ಟಿಂಗ್ ಎಂದರೆ ಕೋಡ್ ಆದ ಮೇಲೆ ಬರುವ ಹಂತ ಎಂದು ಪುಸ್ತಕದಲ್ಲಿ ಇರುತ್ತದೆ. ಒಳ್ಳೆ ತಂಡದಲ್ಲಿ ಟೆಸ್ಟರ್ ಮೊದಲ ದಿನವೇ ಕೂತಿರುತ್ತಾರೆ. "ಹಣ ಹಾಕಬಹುದು" ಎಂದು ಒಂದು ಸಾಲು ಬಂದರೆ ನನ್ನ ಪ್ರಶ್ನೆಗಳು ಆಗಲೇ ಶುರು. ಸೊನ್ನೆ ಹಾಕಿದರೆ? ಒಬ್ಬರೇ ಎರಡು ಸಲ ಒತ್ತಿದರೆ? ಮಧ್ಯದಲ್ಲಿ ಕರೆ ಬಂದರೆ? ಫೋನಿನ ಗಡಿಯಾರ ತಪ್ಪಿದ್ದರೆ? ಬ್ಯಾಟರಿ ಶೇ. 2 ಇದ್ದರೆ? ಈ ಪ್ರಶ್ನೆಗಳನ್ನು ಕೋಡ್ ಬರೆಯುವ ಮೊದಲೇ ಕೇಳಿದರೆ ಉತ್ತರಕ್ಕೆ ಐದು ನಿಮಿಷ ಸಾಕು. ಬಿಡುಗಡೆ ಆದ ಮೇಲೆ ಕೇಳಿದರೆ ವಾರ ಹೋಗುತ್ತದೆ.

ನಮ್ಮ ಊರಿನ ಕೆಲಸದಲ್ಲಿ ಕನ್ನಡದ್ದೇ ಒಂದು ದೊಡ್ಡ ಪಟ್ಟಿ ಮಾಡಿಟ್ಟುಕೊಳ್ಳಿ. ಹಳೆ ದಾಖಲೆಗಳಲ್ಲಿ ಹೆಸರುಗಳು ಯೂನಿಕೋಡ್‌ನಲ್ಲಿ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರಗಳ ಲೆಕ್ಕ) ಇರುವುದಿಲ್ಲ, ಹಳೆಯ ಫಾಂಟಿನ ಲೆಕ್ಕದಲ್ಲಿ ಇರುತ್ತವೆ. ಬದಲಾಯಿಸುವಾಗ ಅರ್ಕಾವೊತ್ತು ಕೈಕೊಡುತ್ತದೆ. ಹಳೆ ಫಾಂಟಿನಲ್ಲಿ ಅದು ಕಣ್ಣಿಗೆ ಕಾಣುವ ಹಾಗೆ ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಇದನ್ನು ಗಮನಿಸದಿದ್ದರೆ "ಸೂರ್ಯ" ಎಂಬವರ ಹೆಸರು ಹಾಳಾಗುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ.

ಎಸ್‌ಎಂಎಸ್ ಕೂಡ ಹಾಗೆಯೇ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ ಹಿಡಿಯುತ್ತದೆ. ಕನ್ನಡದಲ್ಲಿ 70 ಮಾತ್ರ. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಲೆಕ್ಕ. "ಕ್ಷೇ" ಎಂಬ ಒಂದೇ ಅಕ್ಷರ ನಾಲ್ಕಾಗುತ್ತದೆ. 70 ದಾಟಿದರೆ ಎರಡು ಸಂದೇಶದ ದುಡ್ಡು. ಸಾವಿರಾರು ಗ್ರಾಹಕರಿಗೆ ದಿನಾ ಕಳಿಸುವ ಸಂಘಕ್ಕೆ ಇದು ಸಣ್ಣ ಖರ್ಚಲ್ಲ. ಮೇಲಿಂದ ನಮ್ಮ ದೇಶದಲ್ಲಿ ಸಂದೇಶದ ಮಾದರಿಯನ್ನು ಮೊದಲೇ ಡಿಎಲ್‌ಟಿಯಲ್ಲಿ, ಅಂದರೆ ಟೆಲಿಕಾಂ ಕಂಪನಿಗಳ ನೋಂದಣಿ ವ್ಯವಸ್ಥೆಯಲ್ಲಿ, ನೋಂದಾಯಿಸಬೇಕು. ಕೊನೆಯ ವಾರದಲ್ಲಿ ನೆನಪಾದರೆ ಬಿಡುಗಡೆಯೇ ನಿಲ್ಲುತ್ತದೆ. ಯೋಜನೆ ಹಾಕುವ ದಿನವೇ ಬರೆದಿಡಿ.

ಬಂದರಿನ ಹುಡುಗ

ಈಗ ಎಐ ಹತ್ತಿರ ಹೇಳಿದರೆ ಒಂದು ಸಂಜೆಯಲ್ಲಿ ಪಿಗ್ಮಿ ಆ್ಯಪ್ ಬರೆದು ಕೊಡುತ್ತದೆ. ನಾನೇ ಮಾಡಿ ನೋಡಿದ್ದೇನೆ, ಓಡುತ್ತದೆ. ಇಷ್ಟು ಜನ, ಇಷ್ಟು ತಿಂಗಳು ಇನ್ನೂ ಬೇಕಾ? ನಿಜವಾಗಿ ಕೇಳುತ್ತಿದ್ದೇನೆ.

ಧಕ್ಕೆ ಬದಿಯ ಡೆವಲಪರ್, ಮಂಗಳೂರು

ತಮ್ಮಾ, ನಾವೂ ಈಗ ದಿನಾ ಬಳಸುತ್ತೇವೆ. ಬರೆಯುವ ಸಮಯ ಉಳಿಯುತ್ತದೆ, ಸುಳ್ಳು ಹೇಳುವುದಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಈ ಕೆಳಗಿನ ಕಥೆಯಲ್ಲಿ ಉಂಟು.

ಟೆಸ್ಟಿಂಗ್ ಸಮಯದಲ್ಲಿ ಒಂದು ದಿನ 100 ರೂಪಾಯಿ ಕಟ್ಟಿದವರ ಖಾತೆಯಲ್ಲಿ 10,000 ಕಾಣಿಸಿತು. ನಾವು ಹಣವನ್ನು ಪೈಸೆಯಲ್ಲಿ ಇಡುತ್ತಿದ್ದೆವು. ದಶಾಂಶದ ಸಂಖ್ಯೆಯಲ್ಲಿ ಹಣ ಇಟ್ಟರೆ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ತಪ್ಪು ಸೇರಿಕೊಳ್ಳುತ್ತದೆ, ಹಾಗಾಗಿ ಪೂರ್ಣಾಂಕ, ಹಾಗಾಗಿ ಪೈಸೆ. ಶಾಖೆಯ ಸಾಫ್ಟ್‌ವೇರ್ ಬೇರೆ ತಂಡದ್ದು. ಅವರು ಅದನ್ನು ರೂಪಾಯಿ ಎಂದು ಓದಿದರು. ಇಬ್ಬರ ಕೋಡೂ ಸರಿ ಇತ್ತು. ಮಧ್ಯದ ಫೈಲಿನಲ್ಲಿ "ಇದು ಪೈಸೆ" ಎಂದು ಯಾರೂ ಬರೆದಿರಲಿಲ್ಲ. 1999ರಲ್ಲಿ ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಮಂಗಳ ಗ್ರಹದ ಹತ್ತಿರ ಹೋಗಿ ಕಳೆದುಹೋದದ್ದೂ ಇದೇ ತರಹದ ತಪ್ಪಿಗೆ. ಒಂದು ತಂಡದ ಸಾಫ್ಟ್‌ವೇರ್ ಬಲ ಅಳೆಯುವ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಟ್ಟಿತು, ಇನ್ನೊಂದು ಅದನ್ನು ನ್ಯೂಟನ್ ಎಂದು ತಿಳಿಯಿತು. ನಮ್ಮದು ಟೆಸ್ಟಿಂಗಲ್ಲೇ ಸಿಕ್ಕಿತು, ಪುಣ್ಯ.

ಜೂನ್ ಹೊತ್ತಿಗೆ ಕೆಲಸ ತಡವಾಯಿತು. ಮೇಲಿನವರು ಒಳ್ಳೆ ಮನಸ್ಸಿನಿಂದಲೇ ಇನ್ನೂ ಮೂವರನ್ನು ಕೊಟ್ಟರು. ಅವರಿಗೆ ಹೇಳಿಕೊಡುವುದರಲ್ಲೇ ನಮ್ಮ ಎರಡು ವಾರ ಹೋಯಿತು. ತಡವಾದ ಪ್ರಾಜೆಕ್ಟಿಗೆ ಜನ ಸೇರಿಸಿದರೆ ಇನ್ನೂ ತಡವಾಗುತ್ತದೆ ಎಂದು ಐಬಿಎಂನಲ್ಲಿ ಕೆಲಸ ಮಾಡಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಬರೆದಿದ್ದಾರೆ. ಲೆಕ್ಕ ಹಾಕಿ ನೋಡಿ. ಐದು ಜನ ಇದ್ದರೆ ಇಬ್ಬಿಬ್ಬರ ನಡುವಿನ ಮಾತಿನ ದಾರಿ 10. ಎಂಟು ಜನ ಆದರೆ 28. ಅಷ್ಟೂ ದಾರಿಯಲ್ಲಿ ವಿಷಯ ಸರಿಯಾಗಿ ದಾಟಬೇಕು.

ಕೊನೆಗೂ ಬಿಡುಗಡೆ. ಮೊದಲು ಮೂವರು ಏಜೆಂಟರಿಗೆ ಕೊಟ್ಟೆವು. ಒಂದು ತಿಂಗಳು ಹಳೆ ಪುಸ್ತಕವೂ, ಹೊಸ ಆ್ಯಪ್ಪೂ ಜೊತೆಗೇ. ಪ್ರತಿ ಸಂಜೆ ಎರಡೂ ತಾಳೆ ನೋಡುವುದು. ಒಂದು ಪೈಸೆ ವ್ಯತ್ಯಾಸ ಬರಲಿಲ್ಲ. ಆಮೇಲೆ ಎಲ್ಲರಿಗೂ ಕೊಟ್ಟೆವು.

ಮೂರನೇ ದಿನ ಸಂಜೆ ಫೋನ್ ಬಂತು. ಧಕ್ಕೆಯಲ್ಲಿ, ಅಂದರೆ ಮೀನಿನ ದೋಣಿಗಳು ಬಂದು ನಿಲ್ಲುವ ಕಟ್ಟೆಯಲ್ಲಿ, ಸಂಗ್ರಹ ಮಾಡುವ ಏಜೆಂಟರ ಲೆಕ್ಕ ತಾಳೆ ಆಗುತ್ತಿಲ್ಲ. ಆ್ಯಪ್ ತೋರಿಸುವುದಕ್ಕೂ ಅವರ ಕೈಯಲ್ಲಿರುವ ಹಣಕ್ಕೂ ಹೊಂದುತ್ತಿಲ್ಲ. ಶಾಖೆಯಲ್ಲಿ ಒಬ್ಬರು ಅವರನ್ನು ಎಲ್ಲರೆದುರು ಪ್ರಶ್ನೆ ಮಾಡಿದ್ದರಂತೆ. ನಾನು ಹೋದಾಗ ಅವರು ಬೆಂಚಿನ ಮೇಲೆ ಸುಮ್ಮನೆ ಕೂತಿದ್ದರು. ಕಿಸೆಯಿಂದ ಒಂದು ಸಣ್ಣ ಪುಸ್ತಕ ತೆಗೆದು ಕೊಟ್ಟರು. ಪೆನ್ಸಿಲಿನಲ್ಲಿ ಎಲ್ಲ ಬರೆದಿದ್ದರು. ಹೆಸರು, ಹಣ, ಗಂಟೆ. ಆ ಪುಸ್ತಕ ಪೂರ್ತಿ ಸರಿ ಇತ್ತು. ತಪ್ಪಿದ್ದು ನಮ್ಮ ಆ್ಯಪ್.

ಕಾರಣ ಇದು. ಮೀನಿನ ಏಲಂ ಬೆಳಕು ಹರಿಯುವ ಮೊದಲೇ ನಡೆಯುತ್ತದೆ. ಅವರು ಬೆಳಿಗ್ಗೆ 4:30ಕ್ಕೆ ಸಂಗ್ರಹ ಶುರು ಮಾಡುತ್ತಾರೆ. ನಮ್ಮ ಸರ್ವರ್ ಗ್ರೀನಿಚ್ ಲೆಕ್ಕದ ಸಮಯದಲ್ಲಿ ದಿನಾಂಕ ಹಾಕುತ್ತಿತ್ತು. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮಲ್ಲಿ 5:30ರ ಒಳಗೆ ಕಟ್ಟಿದ ಹಣವೆಲ್ಲ ಸರ್ವರ್‌ನಲ್ಲಿ ಹಿಂದಿನ ದಿನಕ್ಕೆ ಹೋಗುತ್ತಿತ್ತು. ಪ್ರಯೋಗಕ್ಕೆ ತೆಗೆದುಕೊಂಡ ಮೂವರು ಏಜೆಂಟರೂ ಪೇಟೆಯವರು. ಹತ್ತು ಗಂಟೆ ಮೇಲೆಯೇ ಹೊರಡುವವರು. ನಾವು ಆಫೀಸಿನಲ್ಲಿ ಟೆಸ್ಟ್ ಮಾಡಿದ್ದೂ ಹತ್ತರಿಂದ ಆರರ ಒಳಗೆ. ಯಾರಿಗೂ ಕಾಣಲಿಲ್ಲ.

ಈಗ ಆ ನೋಟ್‌ಬುಕ್. ರಾತ್ರಿ ಮನೆಗೆ ಹೋಗಿ ತೆರೆದು ನೋಡಿದೆ. ಎರಡನೇ ದಿನದ ಪುಟದಲ್ಲಿ ನನ್ನದೇ ಕೈಬರಹ: "ಧಕ್ಕೆ, 4:30ಕ್ಕೆ ಶುರು." ವಿಷಯ ನಮಗೆ ಗೊತ್ತಿತ್ತು. ನನ್ನ ನೋಟ್‌ಬುಕ್ಕಿಗೆ ಬಂದಿತ್ತು. ಸರ್ವರ್ ಬರೆದವನಿಗೆ ದಾಟಲಿಲ್ಲ, ಟೆಸ್ಟ್ ಮಾಡಿದವರಿಗೆ ದಾಟಲಿಲ್ಲ. ನನ್ನ ಅನುಭವದಲ್ಲಿ ದೊಡ್ಡ ತಪ್ಪುಗಳು ಒಬ್ಬರ ತಲೆಯಲ್ಲಿ ಹುಟ್ಟುವುದು ಕಡಿಮೆ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವಾಗ ಹುಟ್ಟುವುದು ಜಾಸ್ತಿ. ಬಂದರಿನ ತಮ್ಮಾ, ಎಐಗೂ ಇದೇ ಮಾತು. 4:30ರ ವಿಷಯ ಅದಕ್ಕೆ ಯಾರಾದರೂ ಹೇಳಬೇಕಲ್ವಾ?

ಕೋಡ್ ತಿದ್ದಲು ಇಪ್ಪತ್ತು ನಿಮಿಷ. ಮೂರು ದಿನದ ಲೆಕ್ಕ ತಿದ್ದಿ, ಗ್ರಾಹಕರಿಗೆ ಹೇಳಿ, ವರದಿ ಬರೆಯಲು ನಾಲ್ಕು ದಿನ. ಆ ಏಜೆಂಟರ ಹತ್ತಿರ ಹೋಗಿ ಶಾಖೆಯವರ ಎದುರೇ ತಪ್ಪು ನಮ್ಮದು ಎಂದು ಹೇಳಿದೆವು. ಅದೂ ಕೆಲಸದ ಒಂದು ಭಾಗ ಎಂದೇ ನಾನು ತಿಳಿದಿದ್ದೇನೆ.

ಏಜೆಂಟರ ಮಗಳು, ಕಾರ್ಕಳ

ಎಲ್ಲರ ಎದುರೇ ಹೇಳಿದಿರಲ್ಲ ಅಣ್ಣ, ಅದು ತುಂಬ ದೊಡ್ಡದು.

ಕದ್ರಿಯ ಟೆಸ್ಟರ್

ಆ ನೋಟ್‌ಬುಕ್ಕಿನ ಪುಟವನ್ನು ನನಗೆ ತೋರಿಸಿದ್ದರೆ ಮೊದಲ ದಿನವೇ ಬೆಳಿಗ್ಗೆ 5ಕ್ಕೆ ಗಡಿಯಾರ ಇಟ್ಟು ನೋಡುತ್ತಿದ್ದೆ. ಇದು ದೂರು ಅಲ್ಲ ಅಣ್ಣ. ನಮ್ಮ ತಂಡದಲ್ಲಿ ಈಗ ಒಂದು ಪದ್ಧತಿ ಉಂಟು. ಹೊರಗೆ ಹೋಗಿ ನೋಡಿ ಬಂದವರು ಅದೇ ದಿನ ಸಂಜೆ ಎಲ್ಲರನ್ನೂ ಕೂರಿಸಿ ತಮ್ಮ ಬರಹವನ್ನು ಗಟ್ಟಿಯಾಗಿ ಓದಬೇಕು. ಓದುವಾಗ ನಾನು ಟೆಸ್ಟುಗಳ ಪಟ್ಟಿ ಬರೆಯುತ್ತಾ ಹೋಗುತ್ತೇನೆ.

ಮಣಿಪಾಲ ರಸ್ತೆ

ನಾನು ಆಸ್ಪತ್ರೆ ಯಂತ್ರಗಳ ಸಾಫ್ಟ್‌ವೇರ್ ಮಾಡುವ ತಂಡದಲ್ಲಿ ಇದ್ದೇನೆ. ಮೇಲಿನ ಕಥೆ ಚೆನ್ನಾಗಿದೆ. ಆದರೆ ಹೊಸಬರು ಎಲ್ಲ ಕಡೆ ಹೀಗೇ ಎಂದು ತಿಳಿಯಬಾರದು. "ಬಿಟ್ಟು ನೋಡೋಣ, ತಪ್ಪಿದರೆ ತಿದ್ದೋಣ" ಎನ್ನುವುದು ನಮ್ಮಲ್ಲಿ ಆಗುವುದಿಲ್ಲ.

1985ರಿಂದ 87ರ ನಡುವೆ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಕನಿಷ್ಠ ಆರು ರೋಗಿಗಳಿಗೆ ವಿಪರೀತ ಪ್ರಮಾಣದ ವಿಕಿರಣ ಕೊಟ್ಟಿತು. ಕೆಲವರು ತೀರಿಕೊಂಡರು. ಆಪರೇಟರ್ ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಸ್ಕ್ರೀನಿನಲ್ಲಿ ಒಂದು, ಯಂತ್ರದೊಳಗೆ ಇನ್ನೊಂದು ಆಗುತ್ತಿತ್ತು. ಹಿಂದಿನ ಮಾದರಿಯಲ್ಲಿ ತಪ್ಪನ್ನು ತಡೆಯುವ ಬೇರೆ ಯಂತ್ರಭಾಗಗಳು ಇದ್ದವು. ಹೊಸದರಲ್ಲಿ ಅವನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರ್‌ಗೆ ಬಿಟ್ಟಿದ್ದರು. ಇದೂ ಕೈ ಬದಲಾದಾಗ ಆದ ತಪ್ಪೇ. ಹಳೆಯ ಯಂತ್ರ ಏನನ್ನು ಹೊತ್ತಿತ್ತು ಎಂಬ ವಿಷಯ ಹೊಸದಕ್ಕೆ ದಾಟಲಿಲ್ಲ.

ಹಾಗಾಗಿ ನಮ್ಮಲ್ಲಿ ಐಇಸಿ 62304 ಎಂಬ ನಿಯಮ ಪಾಲಿಸುತ್ತೇವೆ. ತಪ್ಪಿದರೆ ರೋಗಿಗೆ ಎಷ್ಟು ಹಾನಿ ಎಂದು ನೋಡಿ ಸಾಫ್ಟ್‌ವೇರನ್ನು ಎ, ಬಿ, ಸಿ ಎಂದು ವಿಂಗಡಿಸುತ್ತಾರೆ. ಸಿ ಎಂದರೆ ಸಾವು ಅಥವಾ ಗಂಭೀರ ಗಾಯ ಆಗಬಹುದು. ಪ್ರತಿ ಅಗತ್ಯಕ್ಕೂ ಒಂದು ನಂಬರ್. ಆ ನಂಬರಿಗೆ ಯಾವ ವಿನ್ಯಾಸ, ಯಾವ ಕೋಡ್, ಯಾವ ಟೆಸ್ಟ್ ಎಂದು ಕೊಂಡಿ ಇರಬೇಕು. ಬೇಸರದ ಕೆಲಸ ಎಂದು ಹೊಸಬರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸಿಲ್ಲ. ಡೆವಲಪರ್ ಅವರ ನೋಟ್‌ಬುಕ್ಕಿನ ಸಾಲಿಗೂ ಒಂದು ನಂಬರ್ ಇದ್ದಿದ್ದರೆ ಅದು ಕಳೆದುಹೋಗುತ್ತಿರಲಿಲ್ಲ.

ಇನ್ನೊಂದು ವಿಷಯ. ಪರೀಕ್ಷೆಯಲ್ಲಿ ಜಲಪಾತದ ಮಾದರಿ (ಒಂದು ಹಂತ ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗುವುದು), ಅಜೈಲ್ ಮಾದರಿ (ಸಣ್ಣ ಸಣ್ಣ ಸುತ್ತಿನಲ್ಲಿ ಕಟ್ಟುತ್ತಾ ತಿದ್ದುವುದು) ಎಂದು ವ್ಯತ್ಯಾಸ ಬರೆಯಲು ಕೇಳುತ್ತಾರೆ ಅಲ್ವಾ? ಜಲಪಾತ ಎಂಬ ಮಾದರಿಗೆ 1970ರಲ್ಲಿ ವಿನ್‌ಸ್ಟನ್ ರಾಯ್ಸ್ ಬರೆದ ಲೇಖನವನ್ನು ತೋರಿಸುತ್ತಾರೆ. ಅದರಲ್ಲಿ ಜಲಪಾತ ಎಂಬ ಪದವೇ ಇಲ್ಲ. ಮೇಲಿಂದ ಕೆಳಗೆ ಒಂದೇ ಸಲ ಇಳಿಯುವ ಚಿತ್ರ ಬರೆದು, ಇದು ಅಪಾಯದ ದಾರಿ ಎಂದೇ ಅವರು ಹೇಳಿದ್ದಾರೆ. ಹಿಂದೆ ಹೋಗಿ ತಿದ್ದಬೇಕು, ಸಾಧ್ಯವಾದರೆ ಒಮ್ಮೆ ಮಾಡಿ ನೋಡಿ ಮತ್ತೆ ಮಾಡಬೇಕು ಎಂದಿದ್ದಾರೆ. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾದಲ್ಲಿ 17 ಜನ ಸೇರಿ ಅಜೈಲ್ ಎಂದು ಹೆಸರಿಟ್ಟು ಬರೆದದ್ದು ಅದಕ್ಕೆ ಪೂರ್ತಿ ಎದುರು ಏನಲ್ಲ. ನಾವು ಎರಡೂ ಮಾಡುತ್ತೇವೆ. ಎರಡು ವಾರದ ಸ್ಪ್ರಿಂಟ್ ಉಂಟು, ಪ್ರತಿ ಸ್ಪ್ರಿಂಟಿನಲ್ಲಿ ದಾಖಲೆಯೂ ಉಂಟು.

ನಿವೃತ್ತ ಬ್ಯಾಂಕಿನವ, ಉಡುಪಿ

ಮಕ್ಕಳೇ, ನಾನು ಕೋಡ್ ಬರೆದವನಲ್ಲ. ಆದರೆ ಸಾಫ್ಟ್‌ವೇರ್ ಮುಗಿಯುವುದು ಯಾವಾಗ ಎಂದು ಮೊದಲ ಪ್ರಶ್ನೆಯಲ್ಲಿ ಇತ್ತು. ಅದಕ್ಕೆ ಒಂದು ಮಾತು ಹೇಳಬೇಕು ಅನ್ನಿಸಿತು.

ನಮ್ಮ ಎರಡು ಜಿಲ್ಲೆಯಲ್ಲಿ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದವು. ಕೆನರಾ ಮತ್ತು ಕಾರ್ಪೊರೇಶನ್ 1906ರಲ್ಲಿ, ಕರ್ಣಾಟಕ ಬ್ಯಾಂಕ್ 1924ರಲ್ಲಿ, ಸಿಂಡಿಕೇಟ್ 1925ರಲ್ಲಿ, ವಿಜಯಾ 1931ರಲ್ಲಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್, ಕೆನರಾದೊಳಗೆ ಸೇರಿತು. ಜನರಿಗೆ ಬೋರ್ಡ್ ಬದಲಾದದ್ದು ಕಂಡಿತು. ಒಳಗೆ ಲಕ್ಷಾಂತರ ಖಾತೆಗಳನ್ನು ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಸಾಗಿಸಬೇಕಿತ್ತು. ಎಸ್‌ವೈಎನ್‌ಬಿ ಎಂದು ಶುರುವಾಗುವ ಹಳೆ ಐಎಫ್‌ಎಸ್‌ಸಿ (ಹಣ ಕಳಿಸಲು ಬೇಕಾದ ಶಾಖೆಯ ಗುರುತು) 2021ರ ಜುಲೈ 1ರಿಂದ ನಿಂತುಹೋಯಿತು. ಸಂಬಳ, ಪಿಂಚಣಿ, ಸಾಲದ ಕಂತು ಇದ್ದ ಎಷ್ಟೋ ಸಣ್ಣ ಆಫೀಸುಗಳ ಸಾಫ್ಟ್‌ವೇರ್‌ನಲ್ಲಿ ಅದೇ ಹಳೆ ಐಎಫ್‌ಎಸ್‌ಸಿ ಕೂತಿತ್ತು. ಅವರ ಸಾಫ್ಟ್‌ವೇರ್‌ನಲ್ಲಿ ಒಂದು ಅಕ್ಷರವೂ ಬದಲಾಗಿರಲಿಲ್ಲ. ಹೊರಗಿನ ಲೋಕ ಬದಲಾಯಿತು, ಅವರ ಹಣ ತಲುಪಲಿಲ್ಲ. ನನ್ನ ಹತ್ತಿರ ಎಷ್ಟು ಜನ ಬಂದು ಕೇಳಿದ್ದರೋ.

ಹಾಗಾಗಿ ಮಾಡಿಕೊಟ್ಟ ಮೇಲೆ ನೋಡಿಕೊಳ್ಳುವವರು ಯಾರು, ಎಷ್ಟು ವರ್ಷ, ಅದಕ್ಕೆ ದುಡ್ಡು ಯಾರು ಕೊಡುತ್ತಾರೆ ಎಂದು ಮೊದಲೇ ಬರೆದುಕೊಳ್ಳಿ.

ಧಕ್ಕೆ ಬದಿಯ ಡೆವಲಪರ್, ಮಂಗಳೂರು

ಸರ್ ಹೇಳಿದ್ದು ನೂರಕ್ಕೆ ನೂರು ಸತ್ಯ. ನಮ್ಮ ಪಿಗ್ಮಿ ಆ್ಯಪ್ ಕಟ್ಟಲು ಏಳು ತಿಂಗಳು. ನೋಡಿಕೊಳ್ಳಲು ಶುರು ಮಾಡಿ ನಾಲ್ಕನೇ ವರ್ಷ. ಫೋನಿನ ಹೊಸ ಆಂಡ್ರಾಯ್ಡ್ ಬಂದಾಗ ಪ್ರಿಂಟರ್ ನಿಲ್ಲುತ್ತದೆ. ಬ್ಯಾಕಪ್ ತೆಗೆಯುವುದಷ್ಟೇ ಅಲ್ಲ, ಆ ಬ್ಯಾಕಪ್‌ನಿಂದ ವಾಪಸ್ ತರಲು ಆಗುತ್ತದಾ ಎಂದು ಮೂರು ತಿಂಗಳಿಗೊಮ್ಮೆ ಮಾಡಿ ನೋಡುತ್ತೇವೆ.

ಬಿಡುಗಡೆ ಬಗ್ಗೆ ಒಂದು ಬಿಟ್ಟುಹೋಗಿತ್ತು. ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯವಹಾರದ ಕಂಪನಿ 2012ರ ಆಗಸ್ಟ್ 1ರಿಂದ ಬಳಸಲೆಂದು ಹೊಸ ಕೋಡ್ ಹಾಕಿತು. ಎಂಟು ಸರ್ವರ್‌ಗಳಲ್ಲಿ ಒಂದಕ್ಕೆ ಹೊಸದು ಹೋಗಿರಲಿಲ್ಲ. ಅದರಲ್ಲಿ ವರ್ಷಗಳಿಂದ ಸುಮ್ಮನೆ ಬಿದ್ದಿದ್ದ ಹಳೆ ಕೋಡ್ ಆ ದಿನ ಎದ್ದು ಖರೀದಿ, ಮಾರಾಟ ಶುರು ಮಾಡಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿನಷ್ಟು ನಷ್ಟ. ಅದನ್ನು ಓದಿದ ಮೇಲೆ ನಾವು ಕೈಯಿಂದ ಕೋಡ್ ನಕಲು ಮಾಡುವುದನ್ನು ಪೂರ್ತಿ ಬಿಟ್ಟೆವು. ಯಂತ್ರವೇ ಎಲ್ಲ ಕಡೆ ಹಾಕುತ್ತದೆ, ಎಲ್ಲ ಕಡೆ ಒಂದೇ ಉಂಟಾ ಎಂದು ಅದೇ ನೋಡುತ್ತದೆ. ಹಬ್ಬದ ಹಿಂದಿನ ದಿನ ಬಿಡುಗಡೆ ಇಲ್ಲ. ಉಡುಪಿಯ ಕೃಷ್ಣಾಷ್ಟಮಿ ಉತ್ಸವದ ವಿಟ್ಲಪಿಂಡಿಯ ದಿನ ರಥಬೀದಿಯಲ್ಲಿ ಆ್ಯಪ್ ನಿಂತರೆ ಏಜೆಂಟರು ಆ ಜನರ ನಡುವೆ ಎಂತ ಮಾಡಬೇಕು?

ಹೊಸಬ, ಸಂತೆಕಟ್ಟೆ

ಎಲ್ಲರಿಗೂ ತುಂಬ ತುಂಬ ಧನ್ಯವಾದ. ನಿನ್ನೆ ಇದನ್ನೆಲ್ಲ ನನ್ನ ತಂಡದ ಮೂವರಿಗೂ ಓದಿ ಹೇಳಿದೆ. ನಾವು ಇಲ್ಲಿವರೆಗೆ ಮೆಸ್ ಒಳಗೆ ಹೋಗಿ ಕೇಳಿಯೇ ಇರಲಿಲ್ಲ. ಊಟ ಮಾಡುವವರ ಹತ್ತಿರ ಮಾತ್ರ ಕೇಳಿದ್ದೆವು. ಇವತ್ತು ಬೆಳಿಗ್ಗೆ 5 ಗಂಟೆಗೆ ಅಡುಗೆಮನೆಗೆ ಹೋದೆವು.

ಅಡುಗೆ ಭಟ್ಟರಿಗೆ ನಮ್ಮ ಆ್ಯಪ್ ತೋರಿಸಿದೆ. ಬೆಳಿಗ್ಗೆ 7ರ ತನಕ ಬುಕ್ ಮಾಡಬಹುದು ಎಂದು ಹೇಳಿದೆ. ಅವರು ಬೈಯಲಿಲ್ಲ. ನಮ್ಮನ್ನು ಕರೆದುಕೊಂಡು ಹೋಗಿ ದೊಡ್ಡ ಪಾತ್ರೆಯ ಮುಚ್ಚಳ ತೆಗೆದು ತೋರಿಸಿದರು. ಹಿಟ್ಟು ಉಬ್ಬಿ ಅಂಚಿಗೆ ಬಂದಿತ್ತು. "ಅಕ್ಕಿ, ಉದ್ದು ನೆನೆ ಹಾಕುವುದು ನಿನ್ನೆ ಮಧ್ಯಾಹ್ನ. ಕಡೆಯುವುದು ಸಂಜೆ. ಬೆಳಿಗ್ಗೆ 7ಕ್ಕೆ ನೀವು ಬೇಡ ಅಂದರೆ ಈ ಹಿಟ್ಟನ್ನು ನಾನು ಎಲ್ಲಿಗೆ ಹಾಕಲಿ ಮಗಾ?" ಎಂದು ಕೇಳಿದರು.

ನಮಗೆ ಮಾತೇ ಹೊರಡಲಿಲ್ಲ. ನಾಲ್ಕು ತಿಂಗಳು ಕೋಡ್ ಬರೆದಿದ್ದೇವೆ. ಇಡ್ಲಿ ದಿನಕ್ಕೆ ಹಿಂದಿನ ದಿನ ಮಧ್ಯಾಹ್ನ 12ರ ಒಳಗೆ ಬುಕ್ ಆಗಬೇಕು. ಉಪ್ಪಿಟ್ಟಿನ ದಿನಕ್ಕೆ ಬೆಳಿಗ್ಗೆ 6 ಆದರೂ ನಡೆಯುತ್ತದೆ. ಒಂದೊಂದು ತಿಂಡಿಗೆ ಒಂದೊಂದು ಗಡುವು. ನಮ್ಮ ಡೇಟಾಬೇಸಿನಲ್ಲಿ ಗಡುವು ಎಂಬುದು ಎಲ್ಲದಕ್ಕೂ ಸೇರಿ ಒಂದೇ ಅಂಕಿ.

ಭಟ್ಟರಿಗೆ ಕನ್ನಡಕ ಬೇಕು, ಕೈಯಲ್ಲಿ ಹಿಟ್ಟು ಇರುತ್ತದೆ, ಫೋನ್ ಮುಟ್ಟುವುದಿಲ್ಲ. ಗೋಡೆಯಲ್ಲಿ ಒಂದು ಕರಿಹಲಗೆ ಉಂಟು. ನಾಳೆ ಎಷ್ಟು ಜನ ಎಂದು ಅದರಲ್ಲೇ ಬರೆದಿಡುತ್ತಾರೆ. ಮಧ್ಯಾಹ್ನ 12ಕ್ಕೆ ಸರಿಯಾಗಿ ಒಂದೇ ಒಂದು ಅಂಕಿ ಅವರಿಗೆ ಬೇಕಂತೆ, ಬೇರೆ ಏನೂ ಬೇಡವಂತೆ.

ನಾಳೆ ಮಧ್ಯಾಹ್ನ ಅಕ್ಕಿ ಅಳೆಯುವಾಗ ಬನ್ನಿ ಎಂದಿದ್ದಾರೆ. ನಾಲ್ವರೂ ಹೋಗುತ್ತೇವೆ. ಸಂಜೆ ಕೂತು ಬರೆದದ್ದನ್ನು ಗಟ್ಟಿಯಾಗಿ ಓದುತ್ತೇವೆ. ಟೆಸ್ಟರ್ ಅಕ್ಕ, ಒಂದು ಪ್ರಶ್ನೆ: ಶನಿವಾರ ಮಧ್ಯಾಹ್ನ ಊರಿಗೆ ಹೊರಟವರು ಸೋಮವಾರದ ಇಡ್ಲಿಗೆ ಯಾವಾಗ ಹೇಳಬೇಕು ಎಂಬುದನ್ನು ಟೆಸ್ಟ್ ಪಟ್ಟಿಯಲ್ಲಿ ಹೇಗೆ ಬರೆಯುವುದು?

ಕದ್ರಿಯ ಟೆಸ್ಟರ್

ಮೊದಲು ಭಟ್ಟರ ಹತ್ತಿರ ಕೇಳಿ, ಭಾನುವಾರ ಅವರು ಎಷ್ಟು ಗಂಟೆಗೆ ನೆನೆ ಹಾಕುತ್ತಾರೆ ಎಂದು. ಆಮೇಲೆ ಬರೆಯೋಣ. ನೀವು ಬರೆದದ್ದನ್ನು ಇಲ್ಲಿಯೇ ಹಾಕಿ, ನಾನು ಸಾಲು ಸಾಲು ನೋಡಿ ಕೊಡುತ್ತೇನೆ.